ಚಿಕ್ಕ ಪ್ರೌಢಶಾಲೆಗೆ ಎಷ್ಟು ಸಂಘಗಳು ಬೇಕು?

ಪ್ರಶ್ನೆ: ನಾನು 132 ವಿದ್ಯಾರ್ಥಿಗಳಿರುವ ಪ್ರೌಢಶಾಲೆಯೊಂದರ ಶಿಕ್ಷಕಿ. ಇಲ್ಲಿನ ವಿದ್ಯಾರ್ಥಿ ಸಂಘಗಳ ಉಸ್ತುವಾರಿ ನನ್ನದು. ವಿಜ್ಞಾನ, ಗಣಿತ, ಸಾಹಿತ್ಯ, ಚರ್ಚೆ, ನಾಟಕ, ಚಿತ್ರಕಲೆ, ಛಾಯಾಗ್ರಹಣ, ಪರಿಸರ, ಸಮಾಜಸೇವೆ ಎಂದು ಒಟ್ಟು ಒಂಬತ್ತು ಸಂಘಗಳಿವೆ. ಆದರೆ ಯಾವ ಸಂಘದ ಸಭೆಗೆ ಹೋದರೂ ಅದೇ ಹದಿನೈದು ಮಕ್ಕಳು ಕಾಣುತ್ತಾರೆ. ಉಳಿದವರ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಇರುತ್ತದೆ. ಎಲ್ಲರನ್ನೂ ಬೆರೆಸಬೇಕೆಂದು ವರ್ಷಕ್ಕೆ ಎರಡು ಸಲ ಸಂತೋಷಕೂಟ ಏರ್ಪಡಿಸುತ್ತೇವೆ. ಮಕ್ಕಳು ತಮ್ಮ ತಮ್ಮ ಗುಂಪಿನಲ್ಲೇ ನಿಂತು, ಸ್ವಲ್ಪ ಹೊತ್ತು ಮೊಬೈಲ್ ನೋಡಿ ಹೊರಟುಬಿಡುತ್ತಾರೆ. ಒಬ್ಬೊಬ್ಬ ಶಿಕ್ಷಕರ ಹೆಗಲ ಮೇಲೆ ಎರಡು ಮೂರು ಸಂಘಗಳಿವೆ. ಕೆಲವನ್ನು ಮುಚ್ಚುವುದು ಸರಿಯೇ? ಮಕ್ಕಳು ನಿಜವಾಗಿ ಬೆರೆಯುವಂತಹ ಚಟುವಟಿಕೆಗಳನ್ನು ಹೇಗೆ ರೂಪಿಸಬೇಕು?

ಉತ್ತರ: ನೀವು ಎರಡು ಪ್ರಶ್ನೆ ಕೇಳಿದ್ದೀರಿ, ಆದರೆ ಅವೆರಡರ ಬೇರೂ ಒಂದೇ ಎಂದು ನನಗೆ ತೋರುತ್ತದೆ. 132 ಮಕ್ಕಳ ಶಾಲೆಗೆ ಒಂಬತ್ತು ಸಂಘ ಖಂಡಿತ ಹೆಚ್ಚಾಯಿತು. ಹಾಗೆಂದು ನಾಳೆಯೇ ಸುತ್ತೋಲೆ ಹೊರಡಿಸಿ ಐದನ್ನು ಮುಚ್ಚಬೇಡಿ. ಅದಕ್ಕೂ ಮೊದಲು ಒಂದು ಸಣ್ಣ ಲೆಕ್ಕ ಹಾಕಿ ನೋಡಿ. ಒಂದು ನೋಟುಬುಕ್ಕಿನಲ್ಲಿ 132 ಹೆಸರುಗಳನ್ನೂ ಬರೆದು, ಕಳೆದ ಅವಧಿಯಲ್ಲಿ ಆ ಮಗು ಯಾವುದಾದರೊಂದು ಸಂಘಕ್ಕಾಗಿ ತನ್ನ ಕೈಯಾರೆ ಏನು ಮಾಡಿತು ಎಂಬುದನ್ನು ಹೆಸರಿನ ಮುಂದೆ ಒಂದು ಸಾಲಿನಲ್ಲಿ ಬರೆಯಿರಿ. ಸದಸ್ಯತ್ವವನ್ನು ಬರೆಯಬೇಡಿ, ಹಾಜರಿಯನ್ನೂ ಬರೆಯಬೇಡಿ. ಭಿತ್ತಿಪತ್ರ ಬರೆದದ್ದು, ಬೆಂಚು ಜೋಡಿಸಿದ್ದು, ಅತಿಥಿಗೆ ಪತ್ರ ಬರೆದದ್ದು, ಪರದೆ ಎಳೆದದ್ದು, ಹೀಗೆ ಮಾಡಿದ ಕೆಲಸವನ್ನಷ್ಟೇ ಬರೆಯಿರಿ. ಎಷ್ಟು ಹೆಸರುಗಳ ಮುಂದಿನ ಜಾಗ ಖಾಲಿ ಉಳಿಯುತ್ತದೋ ಅಷ್ಟು ಮಕ್ಕಳಿಗೆ ನಿಮ್ಮ ಶಾಲೆಯಲ್ಲಿ ಸಂಘವೇ ಇಲ್ಲವೆಂದು ತಿಳಿಯಬೇಕು. ಈ ಲೆಕ್ಕ ನೋಯಿಸುತ್ತದೆ, ಆದರೆ ಮುಂದಿನ ಎಲ್ಲ ತೀರ್ಮಾನಗಳೂ ಇದರ ಮೇಲೆಯೇ ನಿಲ್ಲಬೇಕು.

ಶಾಲೆ ಚಿಕ್ಕದೆಂಬುದು ನಿಮ್ಮ ಕೊರತೆಯಲ್ಲ ಎಂಬುದನ್ನು ಮೊದಲೇ ಹೇಳಬೇಕು. ಅಮೆರಿಕದ ಮನಃಶಾಸ್ತ್ರಜ್ಞರಾದ ರೋಜರ್ ಬಾರ್ಕರ್ ಮತ್ತು ಪಾಲ್ ಗಂಪ್ 1964ರಲ್ಲಿ ಪ್ರಕಟಿಸಿದ ಅಧ್ಯಯನ ಈ ವಿಷಯದಲ್ಲಿ ಇಂದಿಗೂ ಮೊದಲು ನೆನಪಾಗುವಂಥದ್ದು. ಅವರು ಕಾನ್ಸಸ್ ರಾಜ್ಯದ 13 ಪ್ರೌಢಶಾಲೆಗಳನ್ನು ಪರಿಶೀಲಿಸಿದರು. ಅತಿ ಚಿಕ್ಕ ಶಾಲೆಯಲ್ಲಿ 35 ವಿದ್ಯಾರ್ಥಿಗಳಿದ್ದರೆ ಅತಿ ದೊಡ್ಡದರಲ್ಲಿ 2,287 ವಿದ್ಯಾರ್ಥಿಗಳಿದ್ದರು, ಅಂದರೆ ಸುಮಾರು 65 ಪಟ್ಟು ಹೆಚ್ಚು. ಆದರೆ ತರಗತಿ, ತಂಡ, ಸಂಘ, ನಾಟಕ, ಸಭೆಗಳೆಂದು ಮಕ್ಕಳು ಭಾಗವಹಿಸಬಹುದಾದ ಸಂದರ್ಭಗಳನ್ನು ಎಣಿಸಿದಾಗ ದೊಡ್ಡ ಶಾಲೆಯಲ್ಲಿ ಅವು 8 ಪಟ್ಟು ಮಾತ್ರ ಹೆಚ್ಚಿದ್ದವು. ಆ ಸಂದರ್ಭಗಳ ಬಗೆಗಳಂತೂ ಒಂದೂವರೆ ಪಟ್ಟನ್ನು ಮೀರಿರಲಿಲ್ಲ. ಇದರ ಅರ್ಥವನ್ನು ಬಿಡಿಸಿ ಹೇಳುವುದಾದರೆ, ಒಂದು ನಾಟಕಕ್ಕೆ ಹತ್ತು ಪಾತ್ರಧಾರಿಗಳು ಬೇಕೆಂದರೆ ಎರಡು ಸಾವಿರ ಮಕ್ಕಳ ಶಾಲೆಗೂ ಹತ್ತೇ ಸಾಕು, ನಲವತ್ತು ಮಕ್ಕಳ ಶಾಲೆಗೂ ಹತ್ತು ಬೇಕೇ ಬೇಕು. ಆದ್ದರಿಂದಲೇ ಚಿಕ್ಕ ಶಾಲೆಯ ಮಕ್ಕಳು ಹೊಣೆಗಾರಿಕೆಯ ಸ್ಥಾನಗಳಲ್ಲಿ ಹೆಚ್ಚಾಗಿ ನಿಂತಿದ್ದರು. ದೊಡ್ಡ ಶಾಲೆಯ ಮಕ್ಕಳು ಹೆಚ್ಚಾಗಿ ಪ್ರೇಕ್ಷಕರಾಗಿದ್ದರು. ಇದೇ ಪರಂಪರೆಯಲ್ಲಿ ಎಡ್ವಿನ್ ವಿಲೆಮ್ಸ್ ಮುಂದೆ ಕಂಡುಕೊಂಡ ವಿಷಯ ನನಗೆ ಇನ್ನೂ ಮಹತ್ವದ್ದಾಗಿ ಕಾಣುತ್ತದೆ. ಓದಿನಲ್ಲಿ ಹಿಂದುಳಿದ, ಶಾಲೆ ಬಿಡುವ ಸಂಭವವಿದ್ದ ಮಕ್ಕಳು ಕೂಡ ಚಿಕ್ಕ ಶಾಲೆಗಳಲ್ಲಿ 'ನಾನು ಹೋಗಲೇಬೇಕು, ನನ್ನಿಂದ ಕೆಲಸವಿದೆ' ಎಂದು ಇತರರಷ್ಟೇ ಭಾವಿಸುತ್ತಿದ್ದರು. ದೊಡ್ಡ ಶಾಲೆಗಳಲ್ಲಿ ಅಂತಹ ಮಕ್ಕಳಲ್ಲಿ ಆ ಭಾವನೆ ಹೆಚ್ಚುಕಡಿಮೆ ಇರಲೇ ಇಲ್ಲ.

ಹಾಗಾದರೆ ಈ ಅನುಕೂಲ ನಿಮ್ಮ ಶಾಲೆಗೆ ಏಕೆ ಸಿಕ್ಕಿಲ್ಲ? ಒಂಬತ್ತು ಸಂಘಗಳಿಗೆ ಒಂಬತ್ತು ಅಧ್ಯಕ್ಷರು, ಒಂಬತ್ತು ಕಾರ್ಯದರ್ಶಿಗಳು, ಒಂಬತ್ತು ಖಜಾಂಚಿಗಳು ಎಂದು 27 ಸ್ಥಾನಗಳನ್ನು ಸೃಷ್ಟಿಸಿದ್ದೀರಿ. ಚುರುಕಾದ, ಮಾತುಬಲ್ಲ, ಶಿಕ್ಷಕರಿಗೆ ಪರಿಚಿತರಾದ ಹದಿನೈದು ಮಕ್ಕಳಿಗೆ ಅವೆಲ್ಲವೂ ಹಂಚಿಹೋಗಿವೆ. ಅವರು ಸಂಘದಿಂದ ಸಂಘಕ್ಕೆ ಓಡುತ್ತಾ ಯಾವುದಕ್ಕೂ ಪೂರ್ಣ ಸಮಯ ಕೊಡಲಾರರು. ಸಮಯ ಸಾಲದೆ ಸಂಘದ ಕೆಲಸ ಸಭೆ ನಡೆಸುವುದಕ್ಕೇ ನಿಂತುಬಿಡುತ್ತದೆ. ಬರೀ ಸಭೆಯಿರುವ ಸಂಘದಲ್ಲಿ ಉಳಿದ ಮಕ್ಕಳಿಗೆ ಮಾಡಲು ಏನೂ ಉಳಿಯುವುದಿಲ್ಲ. ಅವರಿಗೆ ಆಸಕ್ತಿಯಿಲ್ಲವೆಂದು ನಾವು ತೀರ್ಮಾನಿಸುತ್ತೇವೆ. ತಮ್ಮ ಅಗತ್ಯವಿಲ್ಲವೆಂದು ಅವರು ತೀರ್ಮಾನಿಸಿಕೊಂಡಿರುತ್ತಾರೆ.

ಹಲವು ವರ್ಷಗಳ ಹಿಂದೆ ನಾನು ಭೇಟಿ ನೀಡುತ್ತಿದ್ದ ಶಾಲೆಯೊಂದರಲ್ಲಿ ಕಂಡದ್ದನ್ನು ಇಲ್ಲಿ ಹೇಳಬೇಕು. ಅದು ನೂರಕ್ಕೂ ಕಡಿಮೆ ಮಕ್ಕಳಿದ್ದ ಶಾಲೆ. ನಾಟಕದ ತಾಲೀಮು ನಡೆಯುತ್ತಿತ್ತು. ಬೆಳಕಿನ ವ್ಯವಸ್ಥೆಯೆಂದರೆ ಗೋಡೆಯ ಎರಡು ಸ್ವಿಚ್ಚುಗಳು ಮತ್ತು ಬಣ್ಣದ ಕಾಗದ ಸುತ್ತಿದ ಒಂದು ಟಾರ್ಚು. ಅದನ್ನು ನೋಡಿಕೊಳ್ಳುತ್ತಿದ್ದವನು ತರಗತಿಯಲ್ಲಿ ಕೊನೆಯ ಬೆಂಚಿನಲ್ಲಿ ಕೂರುವ, ಯಾರ ಜತೆಗೂ ಹೆಚ್ಚು ಮಾತಾಡದ ಹುಡುಗ. ಯಾವ ಮಾತಿಗೆ ದೀಪ ಆರಬೇಕು, ಯಾವುದಕ್ಕೆ ಹೊತ್ತಬೇಕು ಎಂಬುದನ್ನು ಅವನು ತನ್ನ ಲೆಕ್ಕದ ನೋಟುಬುಕ್ಕಿನ ಹಿಂದಿನ ಪುಟದಲ್ಲಿ ಪೆನ್ಸಿಲಿನಲ್ಲಿ ಗುರುತು ಹಾಕಿಕೊಂಡಿದ್ದ. ಆ ಗುರುತುಗಳು ಬೇರೆ ಯಾರಿಗೂ ಅರ್ಥವಾಗುತ್ತಿರಲಿಲ್ಲ. ಒಂದು ದಿನ ಅವನು ಶಾಲೆಗೆ ಬರಲಿಲ್ಲ. ಎರಡನೆಯ ದೃಶ್ಯಕ್ಕೇ ತಾಲೀಮು ನಿಂತುಹೋಯಿತು. ಮರುದಿನ ಬೆಳಿಗ್ಗೆ ಅವನು ಒಳಗೆ ಕಾಲಿಡುತ್ತಿದ್ದಂತೆ ಏಳೆಂಟು ಮಕ್ಕಳು ಸುತ್ತುವರಿದು 'ನಿನ್ನೆ ಯಾಕೋ ಬರಲಿಲ್ಲ?' ಎಂದು ಕೇಳಿದರು. ಅವನು ಎಷ್ಟೋ ಸಲ ಗೈರಾಗಿದ್ದವನು. ಹಾಗೆ ಕೇಳಿದ್ದು ಅದೇ ಮೊದಲೆಂದು ಅವನ ತರಗತಿಯ ಶಿಕ್ಷಕರು ನನಗೆ ಹೇಳಿದರು. ಸಂಘದಿಂದ ಒಂದು ಮಗುವಿಗೆ ಆಗಬೇಕಾದ ಲಾಭ ಯಾವುದೆಂದು ಯಾರಾದರೂ ಕೇಳಿದಾಗ ನನಗೆ ನೆನಪಾಗುವುದು ಆ ಪೆನ್ಸಿಲ್ ಗುರುತುಗಳೇ. ಮಗು ಬಾರದಿದ್ದರೆ ಏನೋ ಒಂದು ನಿಲ್ಲಬೇಕು. ಬಾರದಿದ್ದುದು ಇತರರಿಗೆ ತಿಳಿಯಬೇಕು.

ಇದು ಭಾವುಕತೆಯ ಮಾತಷ್ಟೇ ಅಲ್ಲ. ಜೋಸೆಫ್ ಮಹೋನಿ ಮತ್ತು ರಾಬರ್ಟ್ ಕೇರ್ನ್ಸ್ 1997ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪಠ್ಯೇತರ ಚಟುವಟಿಕೆಗಳಲ್ಲಿ ತೊಡಗಿದ್ದ ಮಕ್ಕಳಲ್ಲಿ ಅರ್ಧಕ್ಕೆ ಶಾಲೆ ಬಿಡುವವರ ಪ್ರಮಾಣ ಕಡಿಮೆಯಿತ್ತು, ಮತ್ತು ಈ ವ್ಯತ್ಯಾಸ ಎದ್ದು ಕಂಡದ್ದು ಕಲಿಕೆಯಲ್ಲೂ ನಡವಳಿಕೆಯಲ್ಲೂ ತೊಂದರೆಯಿದ್ದ ಮಕ್ಕಳಲ್ಲಿ. ಚಟುವಟಿಕೆಯೊಂದೇ ಅದಕ್ಕೆ ಕಾರಣವೆಂದು ಇಂತಹ ಅಧ್ಯಯನಗಳಿಂದ ಸಾಧಿಸಲಾಗದು. ಆದರೂ 'ಮೊದಲು ಅಂಕ ತೆಗೆಯಲಿ, ಆಮೇಲೆ ಸಂಘಕ್ಕೆ ಸೇರಲಿ' ಎಂಬ ನಿಯಮವನ್ನು ಯಾವ ಶಾಲೆಯಲ್ಲಿ ಕಂಡರೂ ನಾನು ವಿರೋಧಿಸುತ್ತೇನೆ. ಸಂಘ ಯಾರಿಗೆ ಹೆಚ್ಚು ಬೇಕೋ ಅವರನ್ನೇ ಅದು ಹೊರಗಿಡುತ್ತದೆ.

ಈಗ ಸಂಖ್ಯೆಯ ವಿಷಯ. ನಿಮ್ಮ ಶಾಲೆಗೆ ನಾಲ್ಕು ಸಂಘಗಳು ಸಾಕು. ಅವನ್ನು ವಿಷಯದ ಹೆಸರಿನಲ್ಲಿ ಕಟ್ಟುವುದಕ್ಕಿಂತ, ವರ್ಷದ ಕೊನೆಗೆ ಕೈಗೆ ಏನು ಬರಬೇಕು ಎಂಬುದರ ಮೇಲೆ ಕಟ್ಟುವುದು ಮೇಲು. ಸಾಹಿತ್ಯ, ಚರ್ಚೆ, ನಾಟಕ ಮೂರೂ ಸೇರಿ ವರ್ಷಕ್ಕೆ ಎರಡು ರಂಗಪ್ರದರ್ಶನ ಕೊಡುವ ಒಂದು ಸಂಘವಾಗಬಹುದು. ವಿಜ್ಞಾನ, ಗಣಿತ, ಪರಿಸರ ಸೇರಿ ಪ್ರತಿದಿನ ಮಳೆ, ತಾಪಮಾನಗಳನ್ನು ಅಳೆದು ಫಲಕದಲ್ಲಿ ಬರೆಯುವ, ಶಾಲೆಯ ಸುತ್ತಲಿನ ಗಿಡಮರ ಹಕ್ಕಿಗಳನ್ನು ದಾಖಲಿಸುವ ಒಂದು ಸಂಘವಾಗಬಹುದು. ಚಿತ್ರಕಲೆಯೂ ಛಾಯಾಗ್ರಹಣವೂ ಸೇರಿ ಶಾಲೆಯ ಗೋಡೆಪತ್ರಿಕೆಯನ್ನು ಹೊರತರಬಹುದು. ಸಮಾಜಸೇವೆಯ ಸಂಘ ಹಾಗೆಯೇ ಉಳಿಯಲಿ. ಅದರ ಬಗ್ಗೆ ಮುಂದೆ ಹೇಳುತ್ತೇನೆ. ವಿಲೀನವನ್ನು ನೀವು ಘೋಷಿಸಬೇಡಿ. ನಿಮ್ಮ ನೋಟುಬುಕ್ಕಿನ ಲೆಕ್ಕವನ್ನು ಹೆಸರುಗಳಿಲ್ಲದೆ, ಅಂಕಿಗಳಲ್ಲಿ ಮಾತ್ರ ಮಕ್ಕಳ ಮುಂದಿಟ್ಟು, ಏನು ಮಾಡೋಣವೆಂದು ಕೇಳಿ. ಮಕ್ಕಳು ನನ್ನ ಪಟ್ಟಿಗಿಂತ ಬೇರೆಯದೇ ಜೋಡಣೆ ಸೂಚಿಸಿದರೆ ಅದನ್ನೇ ಒಪ್ಪಿಕೊಳ್ಳಿ.

ಸ್ಥಾನಗಳ ವಿಷಯದಲ್ಲಿ ಎರಡು ನಿಯಮಗಳಿರಲಿ: ಒಬ್ಬರಿಗೆ ಒಂದೇ ಸ್ಥಾನ, ಮತ್ತು ಅರ್ಧ ವರ್ಷಕ್ಕೊಮ್ಮೆ ಬದಲಾವಣೆ. ಅಧ್ಯಕ್ಷ, ಕಾರ್ಯದರ್ಶಿ ಎಂಬ ದೊಡ್ಡ ಹೆಸರುಗಳನ್ನು ಕಡಿಮೆ ಮಾಡಿ, ನಡಾವಳಿ ಬರೆಯುವವರು, ಸಾಮಾನಿನ ಕಪಾಟಿನ ಬೀಗದ ಕೈ ಇಟ್ಟುಕೊಳ್ಳುವವರು, ಹೊಸಬರನ್ನು ಕರೆತರುವವರು, ವೇಳೆ ನೋಡುವವರು ಎಂದು ಕೆಲಸವನ್ನು ಚಿಕ್ಕ ಚಿಕ್ಕದಾಗಿ ಒಡೆಯಿರಿ. ಬೀಗದ ಕೈಯನ್ನು ಯಾವ ಮಗುವಿಗೆ ಒಪ್ಪಿಸುತ್ತೀರೋ ಆ ಮಗು ಹೊತ್ತಿಗೆ ಮೊದಲೇ ಬಂದು ನಿಂತಿರುವುದನ್ನು ನೀವು ಒಂದೇ ತಿಂಗಳಲ್ಲಿ ಕಾಣುತ್ತೀರಿ. ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಈಗಿನ ಆ ಹದಿನೈದು ಮಕ್ಕಳಿಗೆ ಇದು ಶಿಕ್ಷೆಯಂತೆ ಕಾಣಬಾರದು. ಇಷ್ಟು ದಿನ ಸಂಘಗಳನ್ನು ಉಳಿಸಿದವರು ಅವರೇ. ಅವರನ್ನು ಕರೆದು ಕೂರಿಸಿ, ಕೃತಜ್ಞತೆ ಹೇಳಿ, ಪ್ರತಿಯೊಬ್ಬರೂ ತಮಗೆ ಬಲ್ಲ ಒಂದು ಕೆಲಸವನ್ನು ಇಬ್ಬರು ಹೊಸಬರಿಗೆ ಕಲಿಸಿಕೊಡುವಂತೆ ಕೇಳಿಕೊಳ್ಳಿ. ಹದಿನೈದು ಜನ ಇಬ್ಬಿಬ್ಬರಿಗೆ ಕಲಿಸಿದರೆ ಒಂದು ಅವಧಿಯಲ್ಲಿ ಕೆಲಸ ಬಲ್ಲವರು ನಲವತ್ತೈದು ಮಂದಿಯಾಗುತ್ತಾರೆ.

ಸಮಯವನ್ನು ಶಾಲೆಯ ವೇಳಾಪಟ್ಟಿಯೊಳಗೇ ಹುಡುಕಬೇಕು. ಶಾಲೆ ಬಿಟ್ಟ ಮೇಲೆ ಸಂಘ ನಡೆದರೆ ದೂರದಿಂದ ಬರುವ ಮಕ್ಕಳು, ಮನೆಯಲ್ಲಿ ತಮ್ಮತಂಗಿಯರನ್ನು ನೋಡಿಕೊಳ್ಳಬೇಕಾದವರು, ವಾಹನದ ಸಮಯಕ್ಕೆ ಕಟ್ಟುಬಿದ್ದವರು ತಾವಾಗಿಯೇ ಹೊರಗುಳಿಯುತ್ತಾರೆ. ವಾರಕ್ಕೆ ಒಂದು ಗಂಟೆ, ಎಲ್ಲ ಸಂಘಗಳಿಗೂ ಒಂದೇ ಹೊತ್ತಿನಲ್ಲಿ ಇರಲಿ. ಒಂದೇ ಹೊತ್ತಿನಲ್ಲಿ ನಡೆಯುವುದರಿಂದ ಒಬ್ಬರು ಎರಡು ಸಂಘಗಳಲ್ಲಿರಲು ಸಾಧ್ಯವಾಗುವುದಿಲ್ಲ. ನಿಮ್ಮ ಅರ್ಧ ಸಮಸ್ಯೆ ಅಲ್ಲಿಗೇ ತೀರುತ್ತದೆ. ಒಬ್ಬ ಶಿಕ್ಷಕರಿಗೆ ಒಂದೇ ಸಂಘವೆಂಬುದೂ ತಾನಾಗಿಯೇ ಆಗುತ್ತದೆ.

ಸಂತೋಷಕೂಟದ ಪ್ರಶ್ನೆಯನ್ನು ಸ್ವಲ್ಪ ವಿವರವಾಗಿ ನೋಡಬೇಕು. ಮುಜಾಫರ್ ಶೆರಿಫ್ ಮತ್ತು ಸಂಗಡಿಗರು 1954ರ ಬೇಸಿಗೆಯಲ್ಲಿ ಒಕ್ಲಹೋಮಾದ ಶಿಬಿರವೊಂದರಲ್ಲಿ ಸುಮಾರು ಹನ್ನೊಂದು ವರ್ಷದ 22 ಹುಡುಗರನ್ನು ಎರಡು ತಂಡಗಳಾಗಿ ಬೇರ್ಪಡಿಸಿ, ಸ್ಪರ್ಧೆಗಳ ಮೂಲಕ ಅವರ ನಡುವೆ ವೈರ ಬೆಳೆಯಲು ಬಿಟ್ಟರು. ಮಕ್ಕಳನ್ನು ಬೇಕೆಂದೇ ಎದುರುಬದುರು ಮಾಡಿದ ಆ ವಿಧಾನವನ್ನು ನಾನು ಒಪ್ಪಲಾರೆ. ಆದರೆ ಆ ವೈರವನ್ನು ಇಳಿಸಲು ಅವರು ಮಾಡಿದ ಪ್ರಯತ್ನಗಳಿಂದ ನಾವು ಕಲಿಯಬೇಕಾದದ್ದಿದೆ. ಮೊದಲು ಎರಡೂ ತಂಡಗಳನ್ನು ಒಟ್ಟಿಗೆ ಊಟಕ್ಕೆ ಕೂರಿಸಿದರು, ಒಟ್ಟಿಗೆ ಚಲನಚಿತ್ರ ತೋರಿಸಿದರು. ಅದರಿಂದ ಏನೂ ಆಗಲಿಲ್ಲ. ಊಟದ ಮನೆಯಲ್ಲಿ ಹುಡುಗರು ಪರಸ್ಪರ ತಿನಿಸು ಎಸೆದಾಡಿದರು. ಆಮೇಲೆ ಶಿಬಿರದ ನೀರು ನಿಂತುಹೋದಾಗ ಇಡೀ ಕೊಳವೆಸಾಲನ್ನು ಎಲ್ಲರೂ ಸೇರಿ ಹುಡುಕಬೇಕಾಯಿತು. ಇನ್ನೊಂದು ದಿನ ಟ್ರಕ್ಕು ಕೆಟ್ಟು ನಿಂತಾಗ, ಹಗ್ಗಜಗ್ಗಾಟದಲ್ಲಿ ಎದುರುಬದುರಾಗಿ ಎಳೆದಾಡಿದ್ದ ಅದೇ ಹಗ್ಗವನ್ನು ಟ್ರಕ್ಕಿಗೆ ಕಟ್ಟಿ ಎರಡೂ ತಂಡದವರು ಒಂದೇ ದಿಕ್ಕಿಗೆ ಎಳೆದರು. ವೈರ ಕರಗತೊಡಗಿದ್ದು ಇಂತಹ ಕೆಲಸಗಳು ಒಂದರ ಮೇಲೊಂದು ಬಂದ ಮೇಲೆ. ನಿಮ್ಮ ಸಂತೋಷಕೂಟ ಸೋಲುತ್ತಿರುವುದು ಮಕ್ಕಳ ತಪ್ಪಿನಿಂದಲ್ಲ, ಮೊಬೈಲಿನಿಂದಲೂ ಅಲ್ಲ. ಮಾಡಲು ಏನೂ ಇಲ್ಲದ ಕಡೆ, ಪರಿಚಯವಿಲ್ಲದವರ ನಡುವೆ, ಹದಿಹರೆಯದ ಯಾರಾದರೂ ತಮ್ಮವರ ಪಕ್ಕದಲ್ಲೇ ನಿಲ್ಲುತ್ತಾರೆ. ಹಿರಿಯರಾದ ನಾವೂ ಹಾಗೆಯೇ ಮಾಡುತ್ತೇವೆ.

ಆದ್ದರಿಂದ ಕೂಟಕ್ಕೆ ಒಂದು ಕೆಲಸ ಕೊಡಿ. ಗ್ರಂಥಾಲಯದ ಹರಿದ ಪುಸ್ತಕಗಳನ್ನು ಒಂದು ಮಧ್ಯಾಹ್ನ ಎಲ್ಲರೂ ಸೇರಿ ದುರಸ್ತಿ ಮಾಡುವುದನ್ನು ನಾನು ಹಲವು ಕಡೆ ಶಿಫಾರಸು ಮಾಡಿದ್ದೇನೆ. ಒಂದು ಮೇಜಿಗೆ ನಾಲ್ಕು ಮಕ್ಕಳು: ಒಬ್ಬರು ಪುಟ ಹಿಡಿದುಕೊಳ್ಳಬೇಕು, ಒಬ್ಬರು ಅಂಟು ಸವರಬೇಕು, ಒಬ್ಬರು ಬೆನ್ನಿಗೆ ಬಟ್ಟೆಪಟ್ಟಿ ಕತ್ತರಿಸಿ ಕೂರಿಸಬೇಕು, ಒಬ್ಬರು ಒಣಗುವವರೆಗೆ ಭಾರ ಇಡಬೇಕು. ಅಂಟು ಮೆತ್ತಿದ ಕೈಯಿಂದ ಯಾರೂ ಮೊಬೈಲ್ ಮುಟ್ಟುವುದಿಲ್ಲ. ಕಣ್ಣು ಕೆಲಸದ ಮೇಲಿರುವುದರಿಂದ ನಾಚಿಕೆಯ ಮಕ್ಕಳಿಗೂ ಮಾತಾಡುವುದು ಸುಲಭವಾಗುತ್ತದೆ. ಯಾರು ಯಾವ ಮೇಜಿಗೆ ಎಂಬುದನ್ನು ಚೀಟಿ ಎತ್ತಿ ನಿರ್ಧರಿಸಿ. ಇಬ್ಬರು ನಾಯಕರನ್ನು ನಿಲ್ಲಿಸಿ ಒಬ್ಬೊಬ್ಬರನ್ನಾಗಿ ಆರಿಸಿಕೊಳ್ಳುವ ಪದ್ಧತಿಯನ್ನು ದಯವಿಟ್ಟು ಕೈಬಿಡಿ. ಪ್ರತಿಸಲ ಕೊನೆಗೆ ಉಳಿಯುವ ಮಗು ಆ ನಿಮಿಷವನ್ನು ದೊಡ್ಡವನಾದ ಮೇಲೂ ಮರೆಯುವುದಿಲ್ಲ.

ಕೆಲಸವೊಂದರಿಂದಲೇ ಸ್ನೇಹ ಬೆಳೆಯುತ್ತದೆ ಎಂದೂ ನಾನು ಹೇಳುತ್ತಿಲ್ಲ. ಕಾನ್ಸಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ 2018ರಲ್ಲಿ ಪ್ರಕಟಿಸಿದ ಅಧ್ಯಯನದ ಅಂದಾಜಿನಂತೆ, ಪರಿಚಯ ಸಾಮಾನ್ಯ ಸ್ನೇಹವಾಗಲು ಸುಮಾರು 50 ಗಂಟೆ, ಸ್ನೇಹ ಗಟ್ಟಿಯಾಗಲು ಸುಮಾರು 90 ಗಂಟೆ, ಆಪ್ತತೆಗೆ 200ಕ್ಕೂ ಹೆಚ್ಚು ಗಂಟೆ ಜತೆಯಲ್ಲಿ ಕಳೆಯಬೇಕಾಗುತ್ತದೆ. ಕೆಲಸದಲ್ಲಿ ಕಳೆದ ಗಂಟೆಗಳಿಗಿಂತ ಬಿಡುವಿನಲ್ಲಿ ಕಳೆದ ಗಂಟೆಗಳು ಹೆಚ್ಚು ಫಲ ಕೊಡುತ್ತವೆ ಎಂದೂ ಅವರು ಕಂಡಿದ್ದಾರೆ. ಆ ಅಧ್ಯಯನ ವಯಸ್ಕರು ಮತ್ತು ವಿಶ್ವವಿದ್ಯಾಲಯದ ಹೊಸ ವಿದ್ಯಾರ್ಥಿಗಳದ್ದು, ಪ್ರೌಢಶಾಲೆಯ ಮಕ್ಕಳದ್ದಲ್ಲ. ಆದರೂ ಲೆಕ್ಕ ನಮಗೆ ಉಪಯೋಗಕ್ಕೆ ಬರುತ್ತದೆ. ವರ್ಷಕ್ಕೆ ಎರಡು ಸಂತೋಷಕೂಟವೆಂದರೆ ಐದಾರು ಗಂಟೆ. ವಾರಕ್ಕೊಂದು ಗಂಟೆಯಂತೆ ಮೂವತ್ತು ವಾರ ನಡೆದ ಸಂಘವೆಂದರೆ ಮೂವತ್ತು ಗಂಟೆ. ಹಾಗಾಗಿ ವರ್ಷಕ್ಕೊಂದು ದೊಡ್ಡ ಕೂಟಕ್ಕಿಂತ ವಾರವಾರದ ಸಂಘದ ಗಂಟೆಯೇ ಮುಖ್ಯ, ಮತ್ತು ಆ ಗಂಟೆಯ ಕೊನೆಯ ಹದಿನೈದು ನಿಮಿಷಗಳನ್ನು ಯಾವ ಕಾರ್ಯಕ್ರಮವೂ ಇಲ್ಲದೆ ಬಿಡುವುದು ಒಳ್ಳೆಯದು. ಆ ಹೊತ್ತಿನಲ್ಲಿ ಸಾಮಾನು ಎತ್ತಿಡುತ್ತಾ, ಕಿಟಕಿಯ ಬಳಿ ನಿಂತು ಹರಟುತ್ತಾ ಇರುವ ಮಕ್ಕಳನ್ನು ಗದರಿಸಿ ತರಗತಿಗೆ ಅಟ್ಟಬೇಡಿ.

ಸಮಾಜಸೇವೆಯ ಸಂಘದ ಬಗ್ಗೆ ಒಂದೇ ಮಾತು: ಸೇವೆ ಯಾರಿಗೋ ಅವರನ್ನು ಮೊದಲು ಹೋಗಿ ಕೇಳಬೇಕು. ವೃದ್ಧರ ಮನೆಯೊಂದಕ್ಕೆ ಹಾಡಲು ಹೋಗುವ ಮುನ್ನ ಇಬ್ಬರು ಮಕ್ಕಳು ಹೋಗಿ ಅಲ್ಲಿನವರಿಗೆ ಏನು ಬೇಕೆಂದು ವಿಚಾರಿಸಲಿ. ಹಾಡಿಗಿಂತ ಪತ್ರ ಓದಿಹೇಳುವವರು ಬೇಕು ಎಂದು ಅವರು ಹೇಳಬಹುದು. ಒಮ್ಮೆ ಹೋಗಿ ಛಾಯಾಚಿತ್ರ ತೆಗೆಸಿಕೊಂಡು ಬರುವುದಕ್ಕಿಂತ, ಹದಿನೈದು ದಿನಕ್ಕೊಮ್ಮೆ ಅದೇ ಇಬ್ಬರು ಮೂವರು ಅದೇ ವ್ಯಕ್ತಿಯ ಬಳಿ ಹೋಗುವುದು ಎರಡೂ ಕಡೆಗೂ ಹೆಚ್ಚು ಹಿತ.

ಹಣದ ವಿಷಯದಲ್ಲಿ ಚಂದಾ ಬೇಡ. ಅತಿ ಕಡಿಮೆ ಮೊತ್ತವಾದರೂ ಕೊಡಲಾಗದ ಮಗು ಕಾರಣ ಹೇಳದೆ ದೂರವಾಗುತ್ತದೆ, ಮತ್ತು ಚಿಕ್ಕ ಶಾಲೆಯಲ್ಲಿ ಯಾರು ಕೊಟ್ಟಿಲ್ಲವೆಂಬುದು ಮುಚ್ಚಿಡುವ ವಿಷಯವಲ್ಲ. ಸಂಘಕ್ಕೆ ಬಂದ ಹಣದ ಜಮಾಖರ್ಚನ್ನು ಇಬ್ಬರು ಮಕ್ಕಳು ಸೇರಿ ಬರೆದು, ತಿಂಗಳಿಗೊಮ್ಮೆ ಸೂಚನಾ ಫಲಕಕ್ಕೆ ಹಚ್ಚಲಿ.

ಇನ್ನು ನಮ್ಮ, ಅಂದರೆ ಶಿಕ್ಷಕರ ಪಾತ್ರ. ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆ 12ನೇ ವಿಧಿಯಲ್ಲಿ ತಮಗೆ ಸಂಬಂಧಿಸಿದ ವಿಷಯಗಳಲ್ಲಿ ಅಭಿಪ್ರಾಯ ಹೇಳುವ ಹಕ್ಕನ್ನೂ, 15ನೇ ವಿಧಿಯಲ್ಲಿ ಸಂಘ ಕಟ್ಟುವ ಮತ್ತು ಶಾಂತಿಯುತವಾಗಿ ಸೇರುವ ಹಕ್ಕನ್ನೂ, 31ನೇ ವಿಧಿಯಲ್ಲಿ ಬಿಡುವು ಮತ್ತು ಆಟದ ಹಕ್ಕನ್ನೂ ಮಕ್ಕಳಿಗೆ ಮಾನ್ಯಮಾಡುತ್ತದೆ. ರೋಜರ್ ಹಾರ್ಟ್ 1992ರಲ್ಲಿ ಯುನಿಸೆಫ್‌ಗಾಗಿ ಬರೆದ ಪ್ರಬಂಧದಲ್ಲಿ ಮಕ್ಕಳ ಭಾಗವಹಿಸುವಿಕೆಯನ್ನು ಎಂಟು ಮೆಟ್ಟಿಲ ಏಣಿಯಾಗಿ ಚಿತ್ರಿಸಿ, ಕೆಳಗಿನ ಮೂರು ಮೆಟ್ಟಿಲುಗಳನ್ನು ಭಾಗವಹಿಸುವಿಕೆಯೆಂದೇ ಕರೆಯಲಿಲ್ಲ. ಹಿರಿಯರು ಬರೆದುಕೊಟ್ಟ ಭಾಷಣವನ್ನು ವೇದಿಕೆಯಲ್ಲಿ ಒಪ್ಪಿಸುವ ಮಗು ಆ ಕೆಳಗಿನ ಮೆಟ್ಟಿಲುಗಳಲ್ಲೇ ಇರುತ್ತದೆ. ನಿಮ್ಮ ಸಂಘಗಳಲ್ಲಿ ಯಾವ ತೀರ್ಮಾನ ಸಂಪೂರ್ಣವಾಗಿ ಮಕ್ಕಳದ್ದು ಎಂಬುದನ್ನು ಮೊದಲೇ ಬರೆದಿಡಿ, ಅದರಲ್ಲಿ ಅವರು ಎಡವಿದರೂ ಕೈಹಾಕಬೇಡಿ. ಸುರಕ್ಷತೆ, ಹಣ, ಶಾಲೆಯ ಹೊರಗಿನ ಭೇಟಿ ಮಾತ್ರ ನಿಮ್ಮ ಒಪ್ಪಿಗೆಯಿಲ್ಲದೆ ನಡೆಯಬಾರದು. ಸಂಘದ ಮೊಬೈಲ್ ಗುಂಪಿನಲ್ಲಿ ಯಾವಾಗಲೂ ಇಬ್ಬರು ಶಿಕ್ಷಕರಿರಲಿ. ಪೋಷಕರ ಒಪ್ಪಿಗೆಯಿಲ್ಲದೆ ಮಕ್ಕಳ ಚಿತ್ರಗಳು ಹೊರಹೋಗದಿರಲಿ.

ಚಿಕ್ಕ ಶಾಲೆಯಲ್ಲಿ ಒಂದು ಅಪಾಯವೂ ಇದೆ. ಅಲ್ಲಿ ಎಲ್ಲರಿಗೂ ಎಲ್ಲರ ವಿಷಯ ಗೊತ್ತಿರುತ್ತದೆ. ಆರನೆಯ ತರಗತಿಯಲ್ಲಿ ಅಂಟಿದ ಅಡ್ಡಹೆಸರು ಹತ್ತನೆಯವರೆಗೂ ಹಿಂಬಾಲಿಸುತ್ತದೆ. ಜಗಳವಾಡಿದ ಇಬ್ಬರಿಗೆ ದೂರ ಸರಿಯಲು ಬೇರೆ ಜಾಗವಿರುವುದಿಲ್ಲ. ಅರ್ಧ ವರ್ಷಕ್ಕೊಮ್ಮೆ ಸಂಘ ಬದಲಿಸುವ ಅವಕಾಶ ಇಡಬೇಕೆನ್ನುವುದು ಈ ಕಾರಣಕ್ಕೇ. ನಾಟಕದಲ್ಲಿ ನಗೆಪಾಟಲಾದ ಮಗು ಮಳೆ ಅಳೆಯುವ ಸಂಘದಲ್ಲಿ ಹೊಸದಾಗಿ ಆರಂಭಿಸಬಹುದು. ಎಲ್ಲರೂ ಬೇಕಾದ ಕಡೆ ಒತ್ತಾಯವೂ ಸುಲಭವಾಗಿ ನುಸುಳುತ್ತದೆ. ಸಂಘದ ಗಂಟೆಯಲ್ಲಿ ಒಬ್ಬರೇ ಕೂತು ಪುಸ್ತಕ ಓದಬಯಸುವ ಮಗುವಿಗೆ ಗ್ರಂಥಾಲಯದ ಬಾಗಿಲು ತೆರೆದಿರಲಿ, ಮತ್ತು ಅದಕ್ಕೆ ವಿವರಣೆ ಕೇಳುವುದು ಬೇಡ.

ಮುಂದಿನ ಅವಧಿ ಮುಗಿದಾಗ ಅದೇ ನೋಟುಬುಕ್ಕನ್ನು ತೆಗೆದು, ಹೊಸ ಪುಟದಲ್ಲಿ 132 ಹೆಸರುಗಳನ್ನೂ ಮತ್ತೆ ಬರೆದು, ಮುಂದಿನ ಜಾಗವನ್ನು ತುಂಬಿ. ಆಗಲೂ ಕೆಲವು ಜಾಗಗಳು ಖಾಲಿ ಉಳಿಯುತ್ತವೆ. ಆ ಪಟ್ಟಿಯನ್ನು ಸಭೆಯಲ್ಲಿ ಓದಬೇಡಿ, ಯಾರಿಗೂ ತೋರಿಸಬೇಡಿ. ಆ ಮಕ್ಕಳಲ್ಲಿ ಒಬ್ಬೊಬ್ಬರನ್ನೇ, ಬಿಡುವಿನ ಹೊತ್ತಿನಲ್ಲಿ, ನಿಮ್ಮ ಕೈಯಲ್ಲಿರುವ ಯಾವುದಾದರೊಂದು ಸಣ್ಣ ಕೆಲಸಕ್ಕೆ ನೆರವಾಗುವೆಯಾ ಎಂದು ಕೇಳಿ. ಕೆಲಸ ನಿಜವಾಗಿಯೂ ನಿಮಗೆ ಬೇಕಾದದ್ದೇ ಆಗಿರಲಿ, ಏಕೆಂದರೆ ಸುಮ್ಮನೆ ಹುಟ್ಟಿಸಿದ ಕೆಲಸವನ್ನು ಮಕ್ಕಳು ಕೂಡಲೇ ಗುರುತಿಸುತ್ತಾರೆ.